ಬಯೋಟೆಕ್ನಾಲಜಿ, ದೇವರು, ದೇಹ ಮೂರನ್ನೂ ಸೇರಿಸಿ ಯಾರಾದ್ರೂ ಡಿಜಿಟಲ್ ಆರ್ಟ್ ಮಾಡಿದ್ದಾರಾ?

ಮಾಡಿದ್ದಾರೆ, ಅದೂ ಫೇಸ್‌ಬುಕ್ ಹುಟ್ಟೋಕೂ ಮುಂಚೆ. ಬ್ರೆಜಿಲ್ ಮೂಲದ ಕಲಾವಿದ ಎಡುವಾರ್ಡೊ ಕಾಟ್ಸ್ 1999ರಲ್ಲಿ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾ ಅನ್ನೋ ಡಿಜಿಟಲ್ ಕಲೆಯ ಉತ್ಸವದಲ್ಲಿ 'ಜೆನೆಸಿಸ್' ಅಂತ ಒಂದು ಕೃತಿ ಇಟ್ಟಿದ್ರು. ಮೀನು, ಹಕ್ಕಿ, ಭೂಮಿ ಮೇಲೆ ಓಡಾಡೋ ಎಲ್ಲಾ ಜೀವಿ ಮೇಲೂ ಮನುಷ್ಯಂಗೆ ಅಧಿಕಾರ ಇರ್ಲಿ ಅನ್ನೋ ಬೈಬಲ್ ವಾಕ್ಯನ ಮೊದಲು ಮೋರ್ಸ್ ಕೋಡ್‌ಗೆ ತಿರುಗಿಸಿ, ಅದರ ಚುಕ್ಕಿ, ಗೆರೆ, ಖಾಲಿ ಜಾಗಗಳನ್ನ ಡಿಎನ್‌ಎಯ ನಾಲ್ಕು ಅಕ್ಷರಕ್ಕೆ ಹೊಂದಿಸಿ, ಹಂಗೊಂದು ಜೀನ್ ಮಾಡಿಸಿ ಬ್ಯಾಕ್ಟೀರಿಯಾ ಒಳಗೆ ಸೇರಿಸಿದ್ರು. ಡಿಜಿಟಲ್ ಎಲ್ಲಿ ಬಂತು ಅಂದ್ರೆ, ಎಲ್ಲೋ ಕೂತಿರೋರು ಇಂಟರ್ನೆಟ್‌ನಲ್ಲಿ ಕ್ಲಿಕ್ ಮಾಡಿದ್ರೆ ಗ್ಯಾಲರೀಲಿ ಅಲ್ಟ್ರಾವೈಲೆಟ್ ಲೈಟ್ ಹತ್ಕೊಳ್ಳೋದು, ಅದರಿಂದ ಬ್ಯಾಕ್ಟೀರಿಯಾದಲ್ಲಿ ಮ್ಯುಟೇಶನ್, ಅಂದ್ರೆ ಡಿಎನ್‌ಎಯಲ್ಲಿ ಬದಲಾವಣೆ, ಆಗೋದು. ಕೊನೇಲಿ ಡಿಎನ್‌ಎನ ವಾಪಸ್ ಇಂಗ್ಲಿಷ್‌ಗೆ ತಂದು ನೋಡಿದ್ರೆ ವಾಕ್ಯದಲ್ಲಿ ಕೆಲವು ಅಕ್ಷರಗಳೇ ಬದಲಾಗಿದ್ವು! ಬ್ಯಾಕ್ಟೀರಿಯಾನ ಸರಿಯಾಗಿ ನೋಡ್ಬೇಕು ಅಂದ್ರೆ ಆ ಲೈಟ್ ಹಾಕ್ಬೇಕು, ಹಾಕಿದ್ರೆ ದೇವರ ವಾಕ್ಯ ಕೆಡುತ್ತೆ, ನಂಗೆ ಇಷ್ಟ ಆಗೋದು ಈ ಇಕ್ಕಟ್ಟೇ.

ದೇಹದ ವಿಷ್ಯ ಬೇಕಂದ್ರೆ, ಆಮೇಲೆ ಅವರೇ ತಮ್ಮ ರಕ್ತದಿಂದ ಪಡೆದ ಒಂದು ಜೀನ್‌ನ ಪೆಟೂನಿಯಾ ಗಿಡಕ್ಕೆ ಸೇರಿಸಿ, ಹೂವಿನ ಕೆಂಪು ನರಗಳಲ್ಲಿ ಮಾತ್ರ ಅದು ಕೆಲಸ ಮಾಡೋ ಹಾಗೆ ಮಾಡಿಸಿದ್ರು. 2009ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಅದರ ಪ್ರದರ್ಶನ ಆಯ್ತು. ಅದು ಡಿಜಿಟಲ್ ಅಲ್ಲ ಬಿಡಿ, ಗಿಡವೇ ಕೃತಿ.