‘ಇನ್‌ಸ್ಪೈರ್ಡ್ ಬೈ’ ಅಂದರೆ ಸಾಕಾಗುವುದಿಲ್ಲ

ನಮಸ್ಕಾರ.

ಮರೆವಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಅಡ್ಡಿಯಾಗಿರುವುದು ಕೊನೆಯಲ್ಲಿರುವ ‘ಇನ್‌ಸ್ಪೈರ್ಡ್ ಬೈ’ ಎಂಬ ಸಾಲು.

ಅಲ್ಲಿ ನೀವು ಹೆಸರಿಸಿದ ಇಂಗ್ಲಿಷ್ ಲೇಖನವನ್ನು ಪಕ್ಕದಲ್ಲೇ ಇಟ್ಟುಕೊಂಡು ನೋಡಿದೆ. ನಿಮ್ಮ ಮೂರನೇ ಪ್ಯಾರಾದಲ್ಲಿ ಮೊದಲು ಕಳೆದುಹೋದ ಬೀಗದ ಕೈ, ಆಮೇಲೆ ಪರೀಕ್ಷೆಯ ಹಿಂದಿನ ರಾತ್ರಿ, ಕೊನೆಗೆ ಹಳೇ ಫೋನ್ ನಂಬರ್. ಅಲ್ಲೂ ಇವೇ ಉದಾಹರಣೆಗಳು, ಇದೇ ಕ್ರಮ. ವಾಕ್ಯಗಳೂ ಹೆಚ್ಚುಕಡಿಮೆ ಅವೇ. ಇದು ಪ್ರೇರಣೆ ಅಲ್ಲ, ಅನುವಾದ ಅಲ್ವಾ? ಅನುವಾದ ಮಾಡುವುದು ತಪ್ಪೇನಲ್ಲ, ಒಳ್ಳೆಯ ಅನುವಾದ ನಮಗೆ ಬೇಕೇ ಬೇಕು. ಮೂಲ ಲೇಖಕರ ಒಪ್ಪಿಗೆ ಪಡೆದು, ಅನುವಾದ ಅಂತಲೇ ಹೇಳಿ.

ಕೋಷ್ಟಕದ ಕೆಳಗೆ ‘ಅಡಾಪ್ಟೆಡ್ ಫ್ರಮ್’ ಅಂತಿದೆ. ತಿದ್ದಿಯೋ ಬೇರೆ ರೀತಿ ಜೋಡಿಸಿಯೋ ಬಳಸಿದಾಗ ಆ ಮಾತು ಸರಿ. ನೀವು ಒಂದು ಅಂಕಿಯನ್ನೂ ಕದಲಿಸಿಲ್ಲ. ಇದ್ದದ್ದನ್ನು ಇದ್ದ ಹಾಗೇ ತಂದರೆ ಅದು ‘ರೀಪ್ರಿಂಟೆಡ್ ಫ್ರಮ್’. ಚಿತ್ರದ ಕೆಳಗಿನ ‘ಕರ್ಟೆಸಿ: ಗೂಗಲ್’ ತೆಗೆದುಬಿಡಿ. ಗೂಗಲ್ ಬರೀ ಹುಡುಕಿಕೊಟ್ಟಿದೆ. ಕರ್ಟೆಸಿ ಅಂದರೆ ಚಿತ್ರ ಯಾರದೋ ಅವರೇ ಒಪ್ಪಿ ಕೊಟ್ಟರು ಅಂತ ಓದುಗರು ತಿಳಿಯುತ್ತಾರೆ.

ನನಗೆ ಜಾಸ್ತಿ ಚಿಂತೆಯಾಗಿದ್ದು ಮರೆವನ್ನು ಪ್ರಯೋಗ ಮಾಡಿ ಅಳೆದ ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ವಿಷಯ. ಅವರು 1885ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೀವು ನೇರವಾಗಿ ಓದಿದವರ ಹಾಗೆ ಹೆಸರಿಸಿದ್ದೀರಿ. ಓದಿದ್ದು ಆ ಇಂಗ್ಲಿಷ್ ಲೇಖನದಲ್ಲಿ. ಅದರಲ್ಲೊಂದು ತಪ್ಪಿದೆ. ಒಂದು ದಿನ ಬಿಟ್ಟು ಎಷ್ಟು ಪದ ನೆನಪಿದ್ದವು ಅಂತ ಅವರು ಎಣಿಸಿದರು ಎಂದು ಅದು ಹೇಳುತ್ತದೆ. ನಿಜವಾಗಿ ಅವರು ಅರ್ಥವಿಲ್ಲದ ಅಕ್ಷರಜೋಡಣೆಗಳ ಪಟ್ಟಿಯನ್ನು ತಾವೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಅದನ್ನೇ ಮತ್ತೆ ಕಲಿಯುತ್ತಿದ್ದರು. ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಅನ್ನುವುದೇ ಅವರ ಅಳತೆ. ಆ ತಪ್ಪು ನಿಮ್ಮ ಲೇಖನಕ್ಕೂ ಬಂದಿದೆ, ಅದೂ ಎಬ್ಬಿಂಗ್‌ಹೌಸ್ ಹೆಸರಿನಲ್ಲಿ. ‘ಆ್ಯಸ್ ಸೈಟೆಡ್ ಇನ್’ ಅಂತ ಹಾಕುವುದು ಇಂಥ ಕಡೆಯೇ. ನಾನು ಇದನ್ನು ಇವರ ಬರಹದಲ್ಲಿ ಓದಿದೆ ಅಂತ ಕನ್ನಡದಲ್ಲೇ ಹೇಳಿದರೂ ಆಯಿತು.

ಚಿಕ್ಕಂದಿನ ಮಗ್ಗಿ ಇನ್ನೂ ಯಾಕೆ ಮರೆತಿಲ್ಲ ಎಂದು ಕೇಳಿಕೊಳ್ಳುವ ಪ್ಯಾರಾ ಇದೆಯಲ್ಲ, ಅದು ಮೂಲದಲ್ಲಿ ಎಲ್ಲೂ ಇಲ್ಲ. ಅದು ಪೂರ್ತಿ ನಿಮ್ಮದು, ಲೇಖನದಲ್ಲಿ ನನಗೆ ತುಂಬ ಹಿಡಿಸಿದ ಭಾಗವೂ ಅದೇ. ಅಲ್ಲಿಂದ ಶುರು ಮಾಡಿ ಹೊಸದಾಗಿ ಬರೆದು ಕಳಿಸಿ. ಖಂಡಿತ ಓದುತ್ತೇನೆ.