ಪುಸ್ತಕದ ತುಂಬ ‘ಗುಡ್’, ಓದು ಅಂದರೆ ಹೊಟ್ಟೆನೋವು: ನಾಲ್ಕನೇ ತರಗತಿಯ ಒಂದು ಪ್ರಕರಣ

ಗುರುತು ಸಿಗಬಾರದೆಂದು ಮಗುವಿನ ಮತ್ತು ಮನೆಯವರ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ತಾಯಿಯ ಒಪ್ಪಿಗೆ ಇದೆ.

ವಿರಾಜಪೇಟೆ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಹುಡುಗಿ, ಒಂಬತ್ತು ವರ್ಷ. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಇರುವುದು ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಅಂದರೆ ಲೈನ್‌ಮನೆಯಲ್ಲಿ, ಮನೆಮಾತು ತಮಿಳು. ನಮ್ಮ ಬಳಿ ಆಪ್ತಸಲಹೆಗೆ ಕಳಿಸಿದ್ದು ಓದಿನ ಕಾರಣಕ್ಕಲ್ಲ, ಹೊಟ್ಟೆನೋವಿನ ಕಾರಣಕ್ಕೆ. ಶಾಲೆ ಶುರುವಾದಾಗಿನಿಂದ ವಾರಕ್ಕೆರಡು ದಿನವಾದರೂ ಬೆಳಗ್ಗೆ ಹೊಟ್ಟೆ ಹಿಡಿದು ಕೂರುತ್ತಾಳೆ. ಶಾಲೆಯ ಹೊತ್ತು ಮೀರಿದ ಮೇಲೆ ನೋವೂ ಇಲ್ಲ, ಏನೂ ಇಲ್ಲ. ವೈದ್ಯರು ನೋಡಿ ಜಂತುಹುಳದ ಮಾತ್ರೆ ಕೊಟ್ಟಿದ್ದರು, ಬೇರೆ ತೊಂದರೆ ಕಂಡಿರಲಿಲ್ಲ.

ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ ಎಂದು ತಾಯಿಗೆ ಹೇಳಲಾಯಿತು. ಮೂರು ವಾರದ ಚುಕ್ಕೆಗಳನ್ನು ವೇಳಾಪಟ್ಟಿಯ ಪಕ್ಕ ಇಟ್ಟಾಗ ವಿಷಯ ಬಿಡಿಸಿಕೊಂಡಿತು. ಮೊದಲ ಪೀರಿಯಡ್ಡಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕನ್ನಡ ಪಾಠ ಓದಿಸುವುದು ಸೋಮವಾರ ಮತ್ತು ಗುರುವಾರ. ಚುಕ್ಕೆಗಳೆಲ್ಲ ಅಲ್ಲೇ ಇದ್ದವು.

ತಾಯಿಗೆ ನಂಬಿಕೆ ಬರಲಿಲ್ಲ. “ದಿನಾ ಕೂತು ಬರೀತಾಳಲ್ಲ ಮೇಡಂ, ನೋಡಿ ಎಷ್ಟು ಗುಡ್ ಹಾಕಿದ್ದಾರೆ!” ನೋಟುಪುಸ್ತಕ ನಿಜಕ್ಕೂ ಅಚ್ಚುಕಟ್ಟು: ದುಂಡಗಿನ ಅಕ್ಷರ, ಒಂದು ತಿದ್ದುಪಡಿಯೂ ಇಲ್ಲ, ಪುಟಪುಟಕ್ಕೂ ಕೆಂಪು ಶಾಯಿಯ ಸಹಿ. ತರಗತಿ ಟೀಚರ್ ಹೇಳಿದ್ದು ಇಷ್ಟು: “ಎಂತ ಹೇಳುದು, ಬರೆಯುವಾಗ ಇವಳೇ ಫಸ್ಟ್. ಓದು ಅಂದ್ರೆ ನೆಲ ನೋಡ್ತಾಳೆ. ನಾಚಿಕೆ ಅಂತ ಬಿಟ್ಟಿದ್ದೆ.” ಇಬ್ಬರೂ ಹೇಳಿದ್ದು ಸುಳ್ಳಲ್ಲ. ಬೋರ್ಡಿನಿಂದ ಇಳಿಸಿಕೊಳ್ಳುವುದಕ್ಕೆ ಕಣ್ಣು ಮತ್ತು ಕೈ ಸಾಕು, ಓದು ಬೇಕಾಗಿಯೇ ಇಲ್ಲ. ನೋಟುಪುಸ್ತಕ ನೋಡಿ ಮಗುವಿನ ಓದನ್ನು ಅಳೆಯುವವರು ಮೋಸಹೋಗುವುದು ಇಲ್ಲೇ.

ಓದಿಸಿ ನೋಡಿದಾಗ

ಮೊದಲು ಅವಳದೇ ಪುಸ್ತಕದ ಒಂದನೇ ಪಾಠ. ಸರಾಗವಾಗಿ ಓದಿದಳು. ಆದರೆ ಬೆರಳು ಮೂರನೇ ಪದದ ಮೇಲಿದ್ದಾಗ ಬಾಯಿ ಐದನೇ ಪದದಲ್ಲಿತ್ತು. ಚಿತ್ರವನ್ನು ಕಾಗದದಿಂದ ಮುಚ್ಚಿ, ಸಾಲಿನ ನಡುವಿನ ಒಂದು ಪದ ತೋರಿಸಿದರೆ ಮೌನ. ಅಂದರೆ ಎಲ್ಲರೊಡನೆ ರಾಗವಾಗಿ ಹೇಳಿ ಹೇಳಿ ಪಾಠ ಬಾಯಿಪಾಠವಾಗಿದೆ. ಎರಡನೇ ತರಗತಿ ಮಟ್ಟದ, ಅವಳು ಎಂದೂ ಕಾಣದ ಒಂದು ತುಣುಕು ಕೊಟ್ಟಾಗ ನಿಮಿಷಕ್ಕೆ 11 ಪದ ಸರಿಯಾಗಿ ಬಂತು, ಅವೂ ಬಹುಪಾಲು ಒತ್ತಿಲ್ಲದ ಚಿಕ್ಕ ಪದಗಳು.

ಅಕ್ಷರಗಳನ್ನು ಕ್ರಮ ತಪ್ಪಿಸಿ ಕೇಳಬೇಕು. ಮೂಲಾಕ್ಷರಗಳಲ್ಲಿ ಘ, ಛ, ಝ, ಢ ತಪ್ಪಿದವು. ಇವು ಪದಗಳಲ್ಲಿ ಬರುವುದೇ ಅಪರೂಪ, ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾಗುಣಿತ ‘ಕ ಕಾ ಕಿ ಕೀ’ ಎಂದು ಹಾಡಿನಂತೆ ಕೊನೆಯವರೆಗೂ ಬಂತು. ‘ಕೊ’ ಒಂದನ್ನೇ ತೋರಿಸಿದರೆ ಮಾತ್ರ ಬೆರಳು ಮಡಚುತ್ತ ಮೇಲಿನಿಂದ ಎಣಿಸಿಕೊಂಡು ಬಂದಳು. ಕೀ, ಕೇ, ಕೋ ಮೂರಕ್ಕೂ ಕೊನೆಯಲ್ಲಿ ಅದೇ ದೀರ್ಘದ ಕೊಂಡಿ. ಅದನ್ನು ಅವಳು ಎಲ್ಲ ಕಡೆ ಬಿಟ್ಟೇ ಓದುತ್ತಿದ್ದಳು.

ನಿಜವಾದ ತಡೆ ಇದ್ದದ್ದು ಒತ್ತಕ್ಷರದಲ್ಲಿ. ‘ಮುಷ್ಟಿ’ಯನ್ನು ‘ಮುಷಿಟ’ ಎಂದಳು, ‘ರಾತ್ರಿ’ಯನ್ನು ‘ರಾತಿರ’ ಎಂದಳು. ಇದು ಅಜಾಗರೂಕತೆಯಲ್ಲ. ಗುಡಿಸು ಕೂತಿರುವುದು ಮೇಲಿನ ‘ಷ’ದ ತಲೆಯ ಮೇಲೆ, ಅದರ ಸ್ವರ ಕೇಳಿಸುವುದು ಕೆಳಗಿನ ‘ಟ’ ಮುಗಿದ ಮೇಲೆ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದರೆ ‘ಮುಷಿಟ’ ಎಂದೇ ಆಗಬೇಕು. ಹುಡುಗಿ ತನ್ನ ಮಟ್ಟಿಗೆ ತರ್ಕಬದ್ಧವಾಗಿಯೇ ಓದಿದ್ದಾಳೆ, ನಿಯಮವನ್ನು ಯಾರೂ ಬಿಡಿಸಿ ಹೇಳಿಲ್ಲ ಅಷ್ಟೆ. ಜೊತೆಗೆ ತ, ನ, ಮ, ಯ, ರ, ಲ ಈ ಆರರ ಒತ್ತುಗಳಿಗೆ ಮೂಲ ಅಕ್ಷರದ ರೂಪವೇ ಇಲ್ಲ. ಉಳಿದವು ತಲೆಕಟ್ಟು ತೆಗೆದ ಅದೇ ಅಕ್ಷರದಂತಿರುವುದರಿಂದ ಊಹಿಸಬಹುದು, ಈ ಆರನ್ನು ಕಲಿತೇ ತೀರಬೇಕು.

ಅದೇ ತುಣುಕನ್ನು ನಾವು ಓದಿ ಹೇಳಿ ಐದು ಪ್ರಶ್ನೆ ಕೇಳಿದಾಗ ನಾಲ್ಕಕ್ಕೆ ಸರಿ ಉತ್ತರ ಬಂತು, ನಡುನಡುವೆ ತಮಿಳು ಬೆರೆಸಿ. ಲೆಕ್ಕವೂ ಹಾಗೆಯೇ: ವಾಕ್ಯರೂಪದ ಲೆಕ್ಕ ಅವಳೇ ಓದಿದರೆ ಸೊನ್ನೆ, ನಾವು ಓದಿ ಹೇಳಿದರೆ ಮನಸ್ಸಿನಲ್ಲೇ ಕೂಡಿಸಿ ಹೇಳುತ್ತಾಳೆ. ಈ ಎರಡನ್ನು ಹೋಲಿಸದೆ ಯಾವ ಮಗುವಿಗೂ ‘ಮಂದ’ ಎಂಬ ಹಣೆಪಟ್ಟಿ ಅಂಟಿಸಬಾರದು. ಕೇಳಿ ತಿಳಿಯುವುದಕ್ಕೂ ಓದಿ ತಿಳಿಯುವುದಕ್ಕೂ ಇಷ್ಟು ಅಂತರವಿದ್ದರೆ ತೊಡಕು ಅಕ್ಷರ ಬಿಡಿಸುವಲ್ಲಿದೆ, ಬುದ್ಧಿಯಲ್ಲಿ ಅಲ್ಲ. ಕಣ್ಣು, ಕಿವಿ ತಪಾಸಣೆ ಶಾಲಾ ಆರೋಗ್ಯ ತಂಡದಿಂದ ಆಗಿತ್ತು, ದೋಷವಿರಲಿಲ್ಲ.

ಇಷ್ಟು ದಿನ ಗೊತ್ತಾಗದೆ ಹೋದದ್ದು ಹೇಗೆ

ಒಂದರಿಂದ ಮೂರನೇ ತರಗತಿಯವರೆಗೆ ಅವಳು ನಲಿ-ಕಲಿಯಲ್ಲಿದ್ದವಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಈ ಪದ್ಧತಿಯಲ್ಲಿ ‘ಅ ಆ ಇ ಈ’ ಇಲ್ಲ, ‘ರ ಗ ಸ ದ ಅ’ದಿಂದ ಆರಂಭ. ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿ, ಲೋಗೋ (ಚಟುವಟಿಕೆಯ ಗುರುತಿನ ಚಿತ್ರ) ಗುರುತಿಸಿ, ಕಾರ್ಡ್ ತೆಗೆದುಕೊಂಡು ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುವುದು. ವಾರಗಟ್ಟಲೆ ಬಾರದಿದ್ದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತೋಟದ ಮಕ್ಕಳಿಗೆ ಇದಕ್ಕಿಂತ ಹೊಂದುವ ಏರ್ಪಾಡು ಇಲ್ಲ ಎಂದೇ ನಮ್ಮ ಅನಿಸಿಕೆ.

ಆದರೆ ಹಾಜರಿ ಪುಸ್ತಕದಲ್ಲಿ ಎರಡು ವರ್ಷವೂ ಜನವರಿ, ಫೆಬ್ರವರಿಯಲ್ಲಿ ದೊಡ್ಡ ಖಾಲಿ ಇತ್ತು. ರೋಬಸ್ಟಾ ಕುಯ್ಲಿನ ಕಾಲ, ತಮ್ಮನನ್ನು ನೋಡಿಕೊಳ್ಳಲು ಇವಳು ಮನೆಯಲ್ಲಿ. ಜುಲೈ, ಆಗಸ್ಟಿನಲ್ಲಿ ಮಳೆ ರಜೆ ಬೇರೆ. ಒತ್ತಕ್ಷರದ ಮೈಲಿಗಲ್ಲುಗಳು ಬರುವ ಹೊತ್ತಿಗೇ ಈ ಖಾಲಿ ಬಿತ್ತು. ಸಹಪಾಠಿಗಳು ನೆರವಾಗುವ ತಟ್ಟೆಯಲ್ಲಿ ಪಕ್ಕದ ಹುಡುಗಿ ಪಿಸುಗುಟ್ಟಿದ್ದನ್ನು ಇವಳು ಹೇಳಿದಳು, ಪ್ರಗತಿ ನೋಟದಲ್ಲಿ ಗುರುತು ಬಿತ್ತು. ನಾಲ್ಕನೇ ತರಗತಿಗೆ ಬಂದಾಗ ಏಣಿಯೂ ಇಲ್ಲ, ಕಾರ್ಡೂ ಇಲ್ಲ. ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ಪುಟ. ಮೂರನೆಯಿಂದ ನಾಲ್ಕಕ್ಕೆ ಬರುವ ಪ್ರತಿ ಮಗುವನ್ನೂ ಜೂನ್ ತಿಂಗಳಲ್ಲೇ, ಕಾಣದ ತುಣುಕೊಂದನ್ನು ಕೊಟ್ಟು, ಒಂಟಿಯಾಗಿ ಕೂರಿಸಿ ಓದಿಸಿ ನೋಡಿದರೆ ಇಂಥ ಪ್ರಕರಣಗಳಲ್ಲಿ ಅರ್ಧದಷ್ಟು ನಮ್ಮವರೆಗೆ ಬರುವುದೇ ಇಲ್ಲ.

ಶಾಲೆಗೆ ಹೇಳಿದ್ದು

ಮೊದಲನೆಯದು, ಎಬ್ಬಿಸಿ ಓದಿಸುವುದನ್ನು ಇವಳ ಮಟ್ಟಿಗೆ ಸದ್ಯ ನಿಲ್ಲಿಸುವುದು. ಪೂರ್ತಿ ಬಿಟ್ಟರೆ ಮಕ್ಕಳು ಗಮನಿಸಿ ಆಡಿಕೊಳ್ಳುತ್ತಾರೆ, ಆದ್ದರಿಂದ ಹಿಂದಿನ ದಿನವೇ ಎರಡು ಸಾಲು ಗುರುತು ಹಾಕಿ ಕೊಟ್ಟು ಅವನ್ನು ಮಾತ್ರ ಓದಿಸುವುದು. ತಪ್ಪಿಗೆ ಹತ್ತು ಸಲ ಬರೆಸುವ ಶಿಕ್ಷೆ ಬೇಡವೇ ಬೇಡ. ನಕಲು ಮಾಡುವ ಚಾಳಿಯೇ ಕಾಯಿಲೆಯನ್ನು ಮುಚ್ಚಿಟ್ಟಿರುವಾಗ ಅದೇ ಮದ್ದಾಗುವುದು ಹೇಗೆ?

ಎರಡನೆಯದು, ವಾರದಲ್ಲಿ ಐದು ದಿನ, ದಿನಕ್ಕೆ 20 ನಿಮಿಷ, ಬಿಸಿಯೂಟ ಮುಗಿದ ಕೂಡಲೇ. ಶನಿವಾರ ಒಂದೇ ಬಾರಿಗೆ ಎರಡು ಗಂಟೆ ಕೂರಿಸಿದರೆ ಉಪಯೋಗವಿಲ್ಲ. ಮೊದಲ ಎರಡು ವಾರ ಗುಣಿತ ಮಾತ್ರ: ಚೆನ್ನಾಗಿ ಬರುವ ಆರು ವ್ಯಂಜನ, ನಾಲ್ಕು ಸ್ವರಚಿಹ್ನೆ, ಒಟ್ಟು 24 ಚೀಟಿ. ಕಲಸಿ ಇಡಬೇಕು, ಯಾವ ಕಾರಣಕ್ಕೂ ಸಾಲಾಗಿ ಹೇಳಿಸಬಾರದು. ಎಣಿಸಲು ಬೆರಳು ಮಡಚಿದ ಚೀಟಿ ಪಕ್ಕಕ್ಕೆ, ಮೂರು ಸೆಕೆಂಡಿನೊಳಗೆ ಹೇಳಿದ್ದು ಡಬ್ಬಿಗೆ.

ಆಮೇಲೆ ಒತ್ತು. ಮನೆಯಲ್ಲಿ ಬಾಯಿಗೆ ಬರುವ ಪದಗಳಿಂದಲೇ ಶುರು. ಅಕ್ಕ, ಅಪ್ಪ, ಅಣ್ಣ ತಮಿಳಿನಲ್ಲೂ ಅವೇ, ಒತ್ತಿನ ರೂಪವೂ ಅಕ್ಷರದಂತೆಯೇ. ಅವು ಕೂತ ಮೇಲೆ ರೂಪ ಬದಲಿಸುವ ಒತ್ತುಗಳು, ವಾರಕ್ಕೆ ಎರಡೇ: ‘ಅಮ್ಮ’ದಿಂದ ಮ, ‘ಅತ್ತೆ’ಯಿಂದ ತ, ‘ಕಲ್ಲು’ವಿನಿಂದ ಲ, ‘ಚಿನ್ನ’ದಿಂದ ನ, ‘ಅಯ್ಯೋ’ದಿಂದ ಯ. (‘ಅಯ್ಯೋ’ ಚೀಟಿ ಬಂದಾಗಲೆಲ್ಲ ಅವಳು ನಕ್ಕಳೆಂದು ಟೀಚರ್ ಬರೆದಿದ್ದಾರೆ.) ರ ಒತ್ತಿಗೆ ಅಂಥ ಜೋಡಿಪದವಿಲ್ಲ, ಅದು ಕೊನೆಗೆ, ‘ರಾತ್ರಿ’ಯೊಂದಿಗೆ. ‘ಮುಷ್ಟಿ’ಯಂಥ ಪದವನ್ನು ಕಲಿಸುವಾಗ ಒಂದು ಚೀಟಿಯಲ್ಲಿ ‘ಮುಷ್’, ಇನ್ನೊಂದರಲ್ಲಿ ‘ಟಿ’ ಎಂದು ಬರೆದು ಕೂಡಿಸಿ ಓದಿಸಬೇಕು. ಬಳಿಕ ‘ಟಿ’ಯ ಗುಡಿಸು ಮೇಲಕ್ಕೆ ಹೋಗಿ ಕೂತದ್ದನ್ನು ಬಣ್ಣದ ಪೆನ್ಸಿಲಿನಲ್ಲಿ ತೋರಿಸಬೇಕು. ಮೂರು ನಾಲ್ಕು ಪದಕ್ಕೆ ಹೀಗೆ ಮಾಡಿದರೆ ನಿಯಮ ತಾನೇ ಹಿಡಿಯುತ್ತದೆ.

ಓದಲು ಪಠ್ಯವೂ ಬೇಕಲ್ಲ, ಅದನ್ನು ಅವಳ ಬಾಯಿಂದಲೇ ಪಡೆಯುವುದು. ಅವಳು ಹೇಳಿದ್ದನ್ನು ಟೀಚರ್ ಬರೆದುಕೊಂಡ ಮೊದಲ ಪಠ್ಯ ಇದು: “ಕಣದಲ್ಲಿ ಕಾಫಿ ಒಣಗಿಸಿದ್ದರು. ನಾಯಿ ಅದರ ಮೇಲೆ ಮಲಗಿತು. ರೈಟರ್ ಬೈದರು. ನಾಯಿ ಏಳಲಿಲ್ಲ.” (ರೈಟರ್ ಅಂದರೆ ತೋಟದ ಕೆಲಸ ನೋಡಿಕೊಳ್ಳುವವರು.) ನಾಲ್ಕೇ ವಾಕ್ಯ. ಓದಿಸಿ, ಪದಪದವಾಗಿ ಕತ್ತರಿಸಿ, ಕಲಸಿ, ಮತ್ತೆ ಜೋಡಿಸಲು ಹೇಳಬೇಕು. ಜೋಡಿಸುವಾಗ ಬಾಯಿಪಾಠ ಕೈಕೊಡುತ್ತದೆ, ಕಣ್ಣು ಓದಲೇಬೇಕು. ಒಂದು ಪಠ್ಯ ಮೂರು ದಿನಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಅದೂ ಕಂಠಪಾಠವೇ.

ಉಕ್ತಲೇಖನದಲ್ಲಿ ‘ಬಾಗಿಲು’ ಹೇಳಿದರೆ ‘ಪಾಗಿಲು’, ‘ದನ’ ಹೇಳಿದರೆ ‘ತನ’ ಎಂದು ಬರೆದಿದ್ದಳು. ಟೀಚರಿಗೆ ಇದು ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕಾ ನ್ಯೂನತೆ) ಇರಬಹುದೆಂಬ ಗುಮಾನಿ. ಆದರೆ ಇದು ಮನೆಮಾತಿನ ಪ್ರಭಾವ. ತಮಿಳು ಲಿಪಿಯಲ್ಲಿ ಪ-ಬ, ತ-ದ, ಕ-ಗ ಜೋಡಿಗಳಿಗೆ ಒಂದೊಂದೇ ಅಕ್ಷರ, ತಮಿಳಿನದೇ ಪದಗಳ ಮೊದಲಲ್ಲಿ ಸಾಮಾನ್ಯವಾಗಿ ಬರುವುದು ಪ, ತ, ಕ. ‘ಬಾಗಿಲು’ವಿನ ನಡುವಿನ ‘ಗ’ ಸರಿಯಾಗಿ ಬಂದು ಮೊದಲಿನ ‘ಬ’ ಮಾತ್ರ ತಪ್ಪಿರುವುದೇ ಇದಕ್ಕೆ ಸಾಕ್ಷಿ. ಹೀಗಾಗಿ ಈ ತಪ್ಪುಗಳನ್ನು ಬೇರೆ ಎಣಿಸಿ, ಕೆಂಪು ಗೆರೆ ಎಳೆಯದೆ, ಕಿವಿಗೆ ಕೆಲಸ ಕೊಡಲು ಹೇಳಿದೆವು: ಕುಡಿ-ಗುಡಿ, ತಡ-ದಡ, ಪಡಿ-ಬಡಿ ಚೀಟಿ ಮುಂದಿಟ್ಟು, ಹೇಳಿದ್ದನ್ನು ಮುಟ್ಟಿಸುವುದು. ಗಂಟಲ ಮೇಲೆ ಬೆರಳಿಟ್ಟು, ತುಟಿ ಬಿಡುವ ಮುಂಚೆ ‘ಬ್’ಗೆ ನಡುಕ ಇದೆ, ‘ಪ್’ಗೆ ಇಲ್ಲ ಎಂದು ತೋರಿಸುವುದು. ಚಾವಣಿಯ ಶೀಟಿನ ಮೇಲೆ ಮಳೆ ಹೊಡೆಯುವಾಗ ಇದನ್ನೂ ಉಕ್ತಲೇಖನವನ್ನೂ ಮಾಡಬಾರದು, ಯಾರಿಗೂ ಏನೂ ಕೇಳಿಸುವುದಿಲ್ಲ. ‘ಹಣ್ಣು’ವಿಗೆ ‘ಅಣ್ಣು’ ಎಂದು ಬರೆದದ್ದಕ್ಕೆ ಶಾಲೆಯಲ್ಲಿ ತಮಿಳನ್ನು ದೂರಿದರು. ಹಕಾರ ನುಂಗುವುದು ಎಷ್ಟೋ ಕನ್ನಡದ ಮನೆಗಳಲ್ಲೂ ಉಂಟು, ಅದನ್ನು ಇವಳೊಬ್ಬಳ ಖಾತೆಗೆ ಬರೆಯುವುದು ನ್ಯಾಯವಲ್ಲ.

ಹಿಂದಿನ ತರಗತಿಗೆ ಕೂರಿಸೋಣವೇ ಎಂದು ಹೆಡ್‌ಮೇಷ್ಟ್ರು ಕೇಳಿದರು. ಬೇಡ ಎಂದೆವು. ಬದಲಿಗೆ ವಾರಕ್ಕೆ ಎರಡು ಸಲ ನಲಿ-ಕಲಿ ಕೋಣೆಗೆ ‘ಚಿಕ್ಕವರಿಗೆ ಕಾರ್ಡ್ ಓದಿ ಹೇಳುವ ಅಕ್ಕ’ ಆಗಿ ಕಳಿಸಲಿ. ತನಗೆ ತಪ್ಪಿಹೋದ ಮೆಟ್ಟಿಲುಗಳನ್ನೇ ಮರ್ಯಾದೆಯಿಂದ ಹತ್ತಿದಂತಾಗುತ್ತದೆ.

ಮನೆಯವರಿಗೆ

ತಾಯಿಗೆ ಕನ್ನಡ ಓದಲು ಬರುವುದಿಲ್ಲ. ಪರವಾಗಿಲ್ಲ. ಸಂಜೆ ಹತ್ತು ನಿಮಿಷ ಮಗಳು ಚೀಟಿ ಓದಲಿ, ತಡೆಯದೆ ಹೇಳಿದ್ದು ಒಂದು ಡಬ್ಬಿಗೆ, ತಡವರಿಸಿದ್ದು ಇನ್ನೊಂದಕ್ಕೆ. ಸರಿಯೋ ತಪ್ಪೋ ತಾಯಿ ನೋಡಬೇಕಿಲ್ಲ, ತಡವರಿಸಿದ್ದು ಅವರಿಗೂ ಗೊತ್ತಾಗುತ್ತದೆ. ಎರಡನೇ ಡಬ್ಬಿ ಬೆಳಗ್ಗೆ ಟೀಚರ್ ಕೈಗೆ. ಮನೆಯಲ್ಲಿ ತಮಿಳು ನಿಲ್ಲಿಸಿ ಎಂದು ಯಾರೋ ಹೇಳಿದ್ದರಂತೆ. ನಿಲ್ಲಿಸಬೇಡಿ ಎಂದೆವು. ತಾಯಿ ಬಾಯಲ್ಲಿ ಕಥೆ ಕೇಳಿ ಬೆಳೆದ ತಿಳಿವಳಿಕೆಯೇ ಆ ಐದರಲ್ಲಿ ನಾಲ್ಕು ಉತ್ತರ ಕೊಡಿಸಿದ್ದು.

ಅಪ್ಪನ ಯೋಚನೆ ಬೇರೆ: ತೋಟದ ಗೇಟಿಗೇ ವ್ಯಾನ್ ಬರುತ್ತದೆ, ಇಂಗ್ಲಿಷ್ ಮೀಡಿಯಂಗೆ ಹಾಕಿಬಿಡೋಣ. ಒಂದು ಲಿಪಿಯಲ್ಲಿ ಓದು ಕುದುರದ ಮಗುವನ್ನು ಇನ್ನೊಂದು ಲಿಪಿಗೆ ನೂಕಿದರೆ ಅಲ್ಲೂ ಇದೇ ಹೊಟ್ಟೆನೋವು, ಫೀಸು ಬೇರೆ. ಐದನೇ ತರಗತಿ ಮುಗಿಯುವವರೆಗೆ ಕಾಯಲು ಒಪ್ಪಿದ್ದಾರೆ, ಪೂರ್ತಿ ಮನಸ್ಸಿನಿಂದಲ್ಲ.

ಆರು ವಾರದ ನಂತರ ಗುಣಿತ ಎಣಿಸದೆ ಬರುತ್ತಿತ್ತು. ಕಾಣದ ತುಣುಕಿನಲ್ಲಿ ನಿಮಿಷಕ್ಕೆ 24 ಪದ. ‘ಷ್ಟ’, ‘ತ್ರ’ದಂತೆ ಬೇರೆ ಬೇರೆ ಅಕ್ಷರ ಸೇರುವ ವಿಜಾತೀಯ ಒತ್ತುಗಳಲ್ಲಿ ಅರ್ಧ ಇನ್ನೂ ತಪ್ಪು. ಕ್ಯಾಲೆಂಡರಿನಲ್ಲಿ ಆ ತಿಂಗಳು ಒಂದೇ ಚುಕ್ಕೆ, ಅದು ಭಾನುವಾರ, ಹಲಸಿನ ಚಿಪ್ಸ್ ಜಾಸ್ತಿ ತಿಂದದ್ದಕ್ಕೆ. ಈ ವೇಗ ಇದ್ದರೆ ಬೇರೆ ತಪಾಸಣೆಯ ಅವಸರವಿಲ್ಲ. ದಿನವೂ ಶಾಲೆಗೆ ಬಂದು, ಮೂರು ತಿಂಗಳು ಹೀಗೆ ಕಲಿಸಿಯೂ ಅದೇ ಚೀಟಿಗಳಲ್ಲಿ ನಿಂತಿದ್ದರೆ ಆಗ ಬಿಆರ್‌ಸಿಯ (ಕ್ಷೇತ್ರ ಸಂಪನ್ಮೂಲ ಕೇಂದ್ರದ) ವಿಶೇಷ ಸಂಪನ್ಮೂಲ ಶಿಕ್ಷಕರ ಮೂಲಕ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಕಳಿಸುವಾಗ ಮನೆಮಾತು ಯಾವುದು, ಎಷ್ಟು ದಿನ ಗೈರು, ಯಾವ ಚೀಟಿಯಲ್ಲಿ ನಿಂತಿದೆ ಎಂಬ ಮೂರನ್ನೂ ಬರೆದು ಕಳಿಸದಿದ್ದರೆ ಅಲ್ಲಿಯವರು ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಉಳಿದದ್ದು ಮುಂದಿನ ಕುಯ್ಲು. ತಮ್ಮನಿಗೆ ಮೂರು ತುಂಬಿದೆ, ಅಂಗನವಾಡಿಗೆ ಸೇರಿಸಲು ಅಡ್ಡಿಯಿಲ್ಲ. ತೋಟದ ಕೆಲಸ ಅಂಗನವಾಡಿ ತೆರೆಯುವ ಮುಂಚೆಯೇ ಶುರುವಾಗುವುದರಿಂದ ನಡುವಿನ ಹೊತ್ತಿಗೆ ಪಕ್ಕದ ಲೈನಿನ ಅಜ್ಜಿಯನ್ನು ಒಪ್ಪಿಸಲಾಗಿದೆ, ವಾರಕ್ಕಿಷ್ಟು ಎಂದು ಕೊಡುವ ಮಾತಾಗಿದೆ. ಆದರೂ ಗೈರಾದರೆ ಎಂದು ಟೀಚರ್ 40 ಚೀಟಿ, ಅವಳದೇ ಆರು ಪಠ್ಯಗಳ ಒಂದು ಚೀಲ ಕಟ್ಟಿಡುತ್ತಾರೆ. ಅದು ಮನೆಗೆ ಹೋಗಿ ಸೋಮವಾರ ವಾಪಸು ಬರಬೇಕು, ತಂದುಕೊಡಲು ಅದೇ ಲೈನಿನ ಆರನೇ ತರಗತಿ ಹುಡುಗ ಒಪ್ಪಿದ್ದಾನೆ.