ಈ ಜಿಗಿತ ನನ್ನದಲ್ಲ

ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ, ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದ ಯುವಕರೊಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಳೆದ ಒಂದೂವರೆ ವರ್ಷದಲ್ಲಿ ಇದೇ ಸಂಕಟ ಹೊತ್ತು ನನ್ನಲ್ಲಿಗೆ ಬಂದವರಲ್ಲಿ ಈ ಯುವಕ ಮೂರನೆಯವರು. ಮೂವರೂ ಫೈಟಿಂಗ್ ಗೇಮ್, ಅಂದರೆ ಪರದೆಯ ಮೇಲೆ ಪಾತ್ರಗಳು ಹೊಡೆದಾಡುವ ವಿಡಿಯೊ ಆಟಗಳ ಟೂರ್ನಿಗಳಲ್ಲಿ ಆಡುವವರು. ಮೂವರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಮಾತು: "ನಾನು ಆಡೋ ಕ್ಯಾರೆಕ್ಟರ್ ಕಂಡರೆ ಜನಕ್ಕೆ ಆಗಲ್ಲ ಮೇಡಂ."

"ವಿಡಿಯೊ ಆಟಕ್ಕೂ ಆಪ್ತಸಲಹೆಯೇ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಎರಡು ತಿಂಗಳಿಂದ ನಿದ್ದೆಗೆಟ್ಟು, ಕಂಟ್ರೋಲರ್ ಮುಟ್ಟಿದರೆ ಅಂಗೈ ಬೆವರುವ ಹುಡುಗ ಎದುರಿಗೆ ಕೂತಿದ್ದಾಗ, ನೋವಿನ ಮೂಲ ದೊಡ್ಡದೋ ಸಣ್ಣದೋ ಎಂದು ತೂಗುತ್ತ ಕೂರಲು ನನಗೆ ಮನಸ್ಸು ಬರುವುದಿಲ್ಲ.

ಅವರು ಆಡುವುದು ಸ್ಟ್ರೀಟ್ ಫೈಟರ್ 6. ಆರಿಸಿಕೊಳ್ಳುವ ಪಾತ್ರ ಗೈಲ್. ಈ ಪಾತ್ರದ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋದರೆ ಕಥೆ ಅರ್ಥವಾಗುವುದಿಲ್ಲ. ಸ್ಟಿಕ್ಕನ್ನು ಹಿಂದಕ್ಕೆ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಕಾದು, ಮುಂದಕ್ಕೆ ತಳ್ಳಿ ಪಂಚ್ ಒತ್ತಿದರೆ ಗೈಲ್ ಸಾನಿಕ್ ಬೂಮ್ ಎಂಬ, ದೂರದಿಂದಲೇ ಹೊಡೆಯುವ ಅಸ್ತ್ರ ಎಸೆಯುತ್ತಾನೆ. ಕೆಳಕ್ಕೆ ಹಿಡಿದು ಮೇಲಕ್ಕೆ ತಳ್ಳಿ ಕಿಕ್ ಒತ್ತಿದರೆ ಪಲ್ಟಿ ಹೊಡೆದು ಒದೆಯುತ್ತಾನೆ. ಹಾರಿ ಬರುವ ಎದುರಾಳಿ ನೆಲಕ್ಕೆ. ಹೀಗೆ ಹಿಡಿದು ಕಾಯುವುದಕ್ಕೆ ಆಟಗಾರರು ಚಾರ್ಜ್ ಎನ್ನುತ್ತಾರೆ. ಹಾಗಾಗಿ ಗೈಲ್ ಆಡುವವರ ಬೆರಳು ಬಹಳ ಹೊತ್ತು ಕೆಳಗಿನ ಹಿಂಬದಿಯ ಮೂಲೆಯಲ್ಲೇ ಇರುತ್ತದೆ. ದೂರದಿಂದ ಎಸೆಯುವುದು, ಎದುರಾಳಿ ತಾಳ್ಮೆ ಕಳೆದುಕೊಂಡು ಹಾರುವ ತನಕ ಕಾಯುವುದು, ಹಾರಿದಾಗ ಉರುಳಿಸುವುದು. ಆಡುವವರಿಗೆ ಇದು ಸೂಕ್ಷ್ಮ ಲೆಕ್ಕಾಚಾರ. ನೋಡುವವರಲ್ಲಿ ಹಲವರಿಗೆ ಬೇಸರ.

ಟೂರ್ನಿಯೊಂದರಲ್ಲಿ ಇವರ ಪಂದ್ಯ ವೇದಿಕೆಯ ಮೇಲೆ ನಡೆಯಿತು, ನೇರಪ್ರಸಾರವೂ ಇತ್ತು. ಮೂರರಲ್ಲಿ ಎರಡು ರೌಂಡ್ ಗೆದ್ದವರಿಗೆ ಒಂದು ಗೇಮ್, ಅಂಥ ಕೆಲವು ಗೇಮ್ ಸೇರಿ ಒಂದು ಪಂದ್ಯ. ಮೊದಲ ರೌಂಡ್ ಇವರದೇ. ಎರಡನೆಯದು ಶುರುವಾದಾಗ ಹಿಂದಿನಿಂದ ಕೂಗು ಎದ್ದಿತು: "ಓಡಿಹೋಗ್ಬೇಡ, ಹೊಡೆದಾಡು!" ಆ ರೌಂಡ್ ಹೋಯಿತು, ಅದರ ಹಿಂದೆಯೇ ಮೂರನೆಯದೂ, ಅದರೊಂದಿಗೆ ಆ ಗೇಮೂ ಹೋಯಿತು. ಗೆದ್ದವರು ಅದೇ ಪಾತ್ರದಲ್ಲಿ ಮುಂದುವರಿಯಬೇಕು, ಸೋತವರು ಬೇಕಾದರೆ ಪಾತ್ರ ಬದಲಿಸಬಹುದು ಎಂಬುದು ಅಲ್ಲಿನ ನಿಯಮ. ಆಯ್ಕೆಯ ಪರದೆ ಬಂದಾಗ ಯಾರೋ "ಕೆನ್ ತಗೋ" ಎಂದು ಕೂಗಿದರು. ಇವರು ಕೆನ್ ತೆಗೆದುಕೊಂಡರು. ಟೂರ್ನಿಯಲ್ಲಿ ಅದುವರೆಗೆ ಒಮ್ಮೆಯೂ ಆಡದ ಪಾತ್ರ. ಆ ಗೇಮ್ ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾತ್ರಿಯಿಡೀ ನೇರಪ್ರಸಾರದ ಚಾಟನ್ನು ಒಂದೊಂದೇ ಸಾಲು ಓದಿದರಂತೆ.

ಮೊದಲ ಎರಡು ಭೇಟಿ ನಿದ್ದೆ, ಉಸಿರಾಟದ ಅಭ್ಯಾಸಗಳಲ್ಲೇ ಕಳೆದವು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಪ್ರೇಕ್ಷಕರ ಪರವಾಗಿ ವಾದಿಸುತ್ತಿದ್ದವರೂ ಇವರೇ. ಇವೊ ಎಂಬ ದೊಡ್ಡ ಟೂರ್ನಿಯಲ್ಲಿ 2004ರಲ್ಲಿ ನಡೆದ ಒಂದು ಪಂದ್ಯವನ್ನು ನನಗೆ ತೋರಿಸಿದರು. ಜಸ್ಟಿನ್ ವಾಂಗ್ ಅವರ ಚುನ್-ಲಿ ಒದೆಗಳ ಸುರಿಮಳೆಗೈಯುತ್ತಾಳೆ, ಒಂದೇ ಒಂದು ತಗುಲಿದರೂ ಸಾಯುವಂತಿದ್ದ ಡೈಗೊ ಉಮೆಹಾರ ಅವರ ಕೆನ್ ಅಷ್ಟನ್ನೂ ತಡೆದು ತಿರುಗಿ ಹೊಡೆದು ಗೆಲ್ಲುತ್ತಾನೆ. ಇಡೀ ಸಭಾಂಗಣ ಎದ್ದು ಕಿರುಚುತ್ತದೆ. "ಆಟ ಅಂದರೆ ಇದು ಮೇಡಂ. ನನ್ನದು ನೋಡಿದವರು ಯಾರು ಹೀಗೆ ಎದ್ದು ನಿಲ್ತಾರೆ?" ಆ ವರ್ಷದ ಪ್ರಶಸ್ತಿ ಯಾರಿಗೆ ಹೋಯಿತು ಎಂದು ಕೇಳಿದೆ. ಸ್ವಲ್ಪ ತಡೆದು, ಡೈಗೊ ಫೈನಲ್‌ನಲ್ಲಿ ಸೋತರು, ಗೆದ್ದದ್ದು ಬೇರೆಯವರು ಎಂದರು. ಉತ್ತರ ಗೊತ್ತಿತ್ತು, ಆದರೂ ಮನಸ್ಸಿಗೆ ಇಳಿಯಲಿಲ್ಲ. ವಾದದಿಂದ ಇದು ಆಗುವ ಕೆಲಸವಲ್ಲ ಎಂದು ನನಗೆ ಅಲ್ಲಿಗೆ ಖಾತ್ರಿಯಾಯಿತು.

ಮೂರನೆಯ ಭೇಟಿಗೆ ಅವರ ಸೋತ ಪಂದ್ಯದ ವಿಡಿಯೊ ತರಲು ಹೇಳಿದೆ. ಸದ್ದು ಪೂರ್ತಿ ಆರಿಸಿ, "ಪ್ರತಿ ನಡೆಗೂ ಕಾರಣ ಹೇಳುತ್ತಾ ಹೋಗಿ, ನನಗೆ ಈ ಆಟ ಗೊತ್ತಿಲ್ಲ" ಎಂದೆ.

ಮೊದಲ ರೌಂಡಿನಲ್ಲಿ ಬೇರೆಯೇ ಮನುಷ್ಯ ಮಾತಾಡಿದಂತಿತ್ತು. ಬೆನ್ನು ನೆಟ್ಟಗಾಯಿತು. "ಇವನು ಮೂರು ಬೂಮ್ ಬ್ಲಾಕ್ ಮಾಡಿದ. ನಾಲ್ಕನೇದಕ್ಕೆ ತಡ್ಕೊಳ್ಳಲ್ಲ, ಹಾರ್ತಾನೆ ನೋಡಿ." ಎದುರಾಳಿ ಹಾರಿದ, ಒದೆ ತಿಂದ. "ಈಗ ಹೆದರಿದಾನೆ, ಹಾರಲ್ಲ. ಅದಕ್ಕೇ ನಾನು ನಡ್ಕೊಂಡು ಮುಂದೆ ಹೋದೆ." ನಿಲ್ಲಿಸಿ, ಹಿಂದೆ ಓಡಿಸಿ ತೋರಿಸಿದರು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಎದುರಾಳಿಯ ಭುಜ ಕದಲಿದ್ದನ್ನು ಒಂದೊಂದೇ ಫ್ರೇಮ್ ಸರಿಸಿ ನನ್ನಂಥವಳಿಗೂ ಕಾಣಿಸಿದರು.

ಎರಡನೆಯ ರೌಂಡ್. ಪರದೆಯ ಮೇಲಿನ ಗಡಿಯಾರ 99ರಿಂದ ಇಳಿಯುತ್ತಾ 60ರ ಹತ್ತಿರ ಬಂದಿತ್ತು. ಆರೋಗ್ಯದ ಪಟ್ಟಿಯಲ್ಲಿ ಇವರೇ ಮುಂದಿದ್ದರು. ಇದ್ದಕ್ಕಿದ್ದಂತೆ ಗೈಲ್ ಮುಂದಕ್ಕೆ ಹಾರಿದ.

"ಇದು ಯಾಕೆ?" ಎಂದೆ.

ಮಾತಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಮತ್ತೊಮ್ಮೆ. ಮುಂದಕ್ಕೆ ಹಾರಬೇಕಾದರೆ ಹಿಂದಕ್ಕೆ ಹಿಡಿದದ್ದನ್ನು ಬಿಡಲೇಬೇಕು. ಬಿಟ್ಟರೆ ಅಲ್ಲಿಯವರೆಗೆ ಕೂಡಿಟ್ಟ ಚಾರ್ಜ್ ಅಷ್ಟೂ ಹೋಯಿತು. ಗೆಲ್ಲುತ್ತಿರುವಾಗ ಗೈಲ್ ಆಡುವವರು ತಾವಾಗಿ ಮಾಡುವ ಕೆಲಸ ಇದಲ್ಲ.

"ಇದಕ್ಕೆ ಕಾರಣ ಇಲ್ಲ ಮೇಡಂ," ಎಂದರು ಕೊನೆಗೆ. "ಈ ಜಿಗಿತ ನನ್ನದಲ್ಲ."

ಆಮೇಲೆ ಅವರೇ ಎಣಿಸಿದರು. ಆ ರೌಂಡಿನಲ್ಲಿ ಅಂಥವು ಐದು. ನಾಲ್ಕಕ್ಕೆ ಏಟು ಬಿದ್ದಿತ್ತು.

ನಾನು ಇನ್ನೊಂದೇ ಪ್ರಶ್ನೆ ಕೇಳಿದೆ. ಯಾರೂ ನೋಡದಿದ್ದಾಗ, ಒಬ್ಬರೇ ಅಭ್ಯಾಸಕ್ಕೆ ಕೂತಾಗ ಯಾರನ್ನು ಆರಿಸಿಕೊಳ್ಳುತ್ತೀರಿ? "ಗೈಲ್‌ನ್ನೇ. ಕಾಯೋದು ನನಗೆ ಇಷ್ಟ." ಅದನ್ನು ಹೇಳುವಾಗ ತಪ್ಪೊಪ್ಪಿಕೊಳ್ಳುವವರ ಹಾಗೆ ತಲೆ ತಗ್ಗಿಸಿದ್ದರು. ನನಗೆ ಸಂಕಟವಾದದ್ದು ಅಲ್ಲಿ. ತನಗೆ ಇಷ್ಟವಾದದ್ದನ್ನು ಹೇಳಲು ಒಬ್ಬ ಮನುಷ್ಯ ನಾಚುವಷ್ಟು ದೂರ ಆ ಕೂಗುಗಳು ಒಳಗೆ ಹೋಗಿದ್ದವು.

ಕೊಟ್ಟ ಸಲಹೆ ಇಷ್ಟು. ಪಾತ್ರ ಬದಲಿಸುವ ತೀರ್ಮಾನ ಅಭ್ಯಾಸದ ಕೋಣೆಯಲ್ಲಿ ಆಗಬೇಕು, ಆಯ್ಕೆಯ ಪರದೆ ಎದುರಿಗಿರುವಾಗ ಕೂಡದು. ಯಾವ ಎದುರಾಳಿಗೆ ಯಾವ ಪಾತ್ರ, ಒಂದು ಗೇಮ್ ಸೋತರೆ ಏನು ಎಂಬುದನ್ನು ಹಿಂದಿನ ದಿನವೇ ಸ್ವಂತ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಟೂರ್ನಿಯ ದಿನ ಚಾಟ್ ತೆರೆಯಬೇಡಿ. ನಿಮ್ಮ ಪಂದ್ಯವನ್ನು ಮೊದಲ ಸಲ ಯಾವಾಗಲೂ ಸದ್ದಿಲ್ಲದೆ ನೋಡಿ. ನಿಮ್ಮೊಂದಿಗೆ ದಿನವೂ ಆಡುವ ಇಬ್ಬರನ್ನು ಆರಿಸಿಕೊಳ್ಳಿ, ಅವರ ಟೀಕೆಯನ್ನು ಎಷ್ಟೇ ಕಹಿಯಾದರೂ ಪೂರ್ತಿ ಕೇಳಿ.

"ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ ಅಂದುಬಿಟ್ಟರೆ ಮುಗೀತಲ್ಲ" ಎಂದು ಅದೇ ಸಹೋದ್ಯೋಗಿ ಹೇಳಿದರು. ಅದನ್ನು ನಾನು ಬೇಕೆಂದೇ ಹೇಳಲಿಲ್ಲ. ಎಲ್ಲಕ್ಕೂ ಕಿವುಡಾದ ಆಟಗಾರ ಕಲಿಯುವುದನ್ನೂ ನಿಲ್ಲಿಸುತ್ತಾನೆ. "ನೀನು ಹತ್ತಿರದಲ್ಲಿ ಎಸೆಯುವ ಬೂಮ್ ಮೇಲಿಂದ ಅವನು ಪ್ರತಿಸಲ ಹಾರುತ್ತಿದ್ದಾನೆ" ಎಂಬುದು ಟೀಕೆ; ಅದನ್ನು ಅಭ್ಯಾಸದಲ್ಲಿ ತಿದ್ದಿಕೊಳ್ಳಬಹುದು. "ನಿನ್ನ ಆಟ ನೋಡೋಕೆ ಬೋರು" ಎಂಬುದನ್ನು ಹೇಗೆ ತಿದ್ದುವುದು? ಅದು ನೋಡುವವರ ಅಭಿರುಚಿ. ಹಾಗನ್ನಲು ಅವರಿಗೆ ಹಕ್ಕಿದೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಬೋರಾಗಿರುತ್ತದೆ. ಆದರೆ ದಡದಲ್ಲಿ ನಿಂತವರು ಎಷ್ಟು ಕೂಗಿದರೂ ನೀರು ಕುಡಿಯುವವನು ಈಜುವವನೇ. ಕೆನ್ ತಗೋ ಎಂದವರ ಹೆಸರು ಸೋತವರ ಪಟ್ಟಿಯಲ್ಲಿ ಬರಲಿಲ್ಲ.

ಪ್ರೇಕ್ಷಕರ ಕೋಪ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ನನಗೆ ಹೇಳಿಕೊಟ್ಟವರೂ ಇವರೇ. 2018ರ ಇವೊದಲ್ಲಿ ಸ್ಮ್ಯಾಶ್ ಬ್ರೋಸ್ ಎಂಬ ಇನ್ನೊಂದು ಹೊಡೆದಾಟದ ಆಟದ ಫೈನಲ್ ತಲುಪಿದ ಇಬ್ಬರೂ ಬಯೊನೆಟಾ ಎಂಬ ಪಾತ್ರವನ್ನೇ ಆರಿಸಿಕೊಂಡಾಗ ಸಭಾಂಗಣ ಛೀಮಾರಿ ಹಾಕಿತು. ಅಷ್ಟಾದರೂ ಗೆದ್ದ ಲಿಮಾ ಅವರ ಪ್ರಶಸ್ತಿಯನ್ನು ಯಾರೂ ಅರ್ಧ ಮಾಡಿ ಕೊಡಲಿಲ್ಲ. ಅದೇ ಸರಣಿಯ ಮೆಲೀ ಆಟದಲ್ಲಿ ಜಿಗ್ಲಿಪಫ್ ಎಂಬ ಪಾತ್ರ ಆಡುವ, ಹಂಗ್ರಿಬಾಕ್ಸ್ ಎಂಬ ಹೆಸರಿನ ಆಟಗಾರರ ಮೇಲೆ 2019ರಲ್ಲಿ, ಟೂರ್ನಿ ಗೆದ್ದ ಹೊತ್ತಿನಲ್ಲೇ, ಪ್ರೇಕ್ಷಕರ ಕಡೆಯಿಂದ ಏಡಿಯೊಂದನ್ನು ಎಸೆಯಲಾಯಿತು. ನನ್ನಲ್ಲಿಗೆ ಬಂದ ಹುಡುಗನಿಗೆ "ಅದೇನು ದೊಡ್ಡದು, ಗಟ್ಟಿಯಾಗು" ಎಂದು ಹೇಳುವವರು ಈ ಘಟನೆಯನ್ನು ಒಮ್ಮೆ ನೆನೆಯಲಿ ಎಂದೇ ಬರೆದೆ. ಇವರ ಅಂಗೈ ಸುಮ್ಮನೆ ಬೆವರಿದ್ದಲ್ಲ.

ಒಂದು ಬಾಗಿಲನ್ನು ನಾನು ಮುಚ್ಚಿಲ್ಲ. ಕಾಯುವುದು ತಮಗೇ ಬೇಸರವಾದ ದಿನ ಅವರು ಪಾತ್ರ ಬದಲಿಸಲಿ. ಗೆಲ್ಲಲು ಬೇರೆ ಪಾತ್ರ ಬೇಕೆಂದು ತಾವೇ ಕಂಡುಕೊಂಡರೂ ಬದಲಿಸಲಿ. ಗೈಲ್‌ನನ್ನು ಹಟಕ್ಕೆ ಹಿಡಿದುಕೊಂಡು ಕೂತರೆ ಆಗಲೂ ಆಡಿಸುತ್ತಿರುವವರು ಪ್ರೇಕ್ಷಕರೇ ಆಗುತ್ತಾರೆ.

ಆರು ವಾರದ ನಂತರ ಮತ್ತೆ ಟೂರ್ನಿಗೆ ಹೋದರು. ಎರಡು ಪಂದ್ಯ ಗೆದ್ದು, ಎರಡು ಸೋತು ಹೊರಬಿದ್ದರು. ಪ್ರತಿ ಗೇಮಿನಲ್ಲೂ ಗೈಲ್. ಕೊನೆಯ ಪಂದ್ಯದಲ್ಲಿ ಹಿಂದಿನಿಂದ ಮತ್ತೆ ಅದೇ ಕೂಗು ಬಂತಂತೆ. "ಕೇಳಿಸ್ತು ಮೇಡಂ. ಒಂದು ಸಲ ಹಾರಿಬಿಟ್ಟೆ ಕೂಡ. ಎರಡನೇ ಸಲ ಬೆರಳು ಮೇಲಕ್ಕೆ ಹೋಗೋಕೆ ಮುಂಚೆ ಗೊತ್ತಾಯ್ತು." ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮುಂದಿನ ಭೇಟಿಗೆ ಆ ಪಂದ್ಯದ ವಿಡಿಯೊ ತರುತ್ತೇನೆ ಎಂದಿದ್ದಾರೆ.

ಈ ಸಲ ಸದ್ದು ಇಟ್ಟುಕೊಂಡೇ ನೋಡೋಣ ಎಂದಿದ್ದೇನೆ.